ಅಣ್ಣನಿಗೆ ಓಗೊಟ್ಟ ಧ್ವನಿ

ಅಣ್ಣ ಕರೆದಾಗ ನಾನು ಓಗೊಡಲಿಲ್ಲ. ಅವನ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಕೇಳಿಸಿದ ಮೇಲೆ ರೇಡಿಯೊದ ಸದ್ದು ತಗ್ಗಿಸಿ, ಗಾಡಿ ತಿರುಗಿಸಿಕೊಂಡು ಕಾಡಿನ ಗೇಟು ದಾಟಿ ಹೊರಗೆ ಬಂದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದನ್ನು ನೀವು ನಂಬದಿದ್ದರೂ ಇದೊಂದನ್ನು ನಂಬಿ.

ಇಂಥ ಕಥೆಗಳನ್ನು ನಾನೂ ನಂಬುತ್ತಿರಲಿಲ್ಲ. ಸಫಾರಿ ಡ್ರೈವರುಗಳು ಗೇಟಿನ ಹತ್ತಿರ ಚಹಾ ಕುಡಿಯುತ್ತಾ ದೆವ್ವದ ಮಾತು ತೆಗೆದರೆ ನಗುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು, ಅಷ್ಟೇ ನನ್ನ ತಿಳಿವಳಿಕೆ.

ಅಣ್ಣ ಫ್ಯಾಕ್ಟರಿಯೊಂದರ ಡ್ರೈವರಾಗಿ ನೈರೋಬಿಗೆ ಬಂದವನು. ಆಮೇಲೆ ಸ್ವಂತ ವ್ಯಾನ್ ಕೊಂಡು, ನನ್ನನ್ನೂ ಮೈಸೂರಿನಿಂದ ಕರೆಸಿಕೊಂಡ. ನೈರೋಬಿಯ ಪಂಗಾನಿ ಬಡಾವಣೆಯಲ್ಲಿ ಅಣ್ಣ, ಅತ್ತಿಗೆಯ ಜೊತೆಯಲ್ಲೇ ನನ್ನ ವಾಸ. ಮಾಂಸ ತಿನ್ನದ ನಮ್ಮ ಕಡೆಯ ಸಂಸಾರಗಳನ್ನು ಊರಂಚಿನ ಕಾಡಿಗೆ ಕರೆದೊಯ್ದು ಸಿಂಹ ತೋರಿಸುವುದು ನಮ್ಮ ಕೆಲಸ. ಅಣ್ಣ ಮುಂದಿನ ಗಾಡಿಯಲ್ಲಿ, ನಾನು ಪುಳಿಯೋಗರೆ ಮೊಸರನ್ನದ ಡಬ್ಬಿಗಳ ಜೊತೆ ಹಿಂದಿನ ಗಾಡಿಯಲ್ಲಿ.

ಕಾಡಿನಲ್ಲಿ ಎಲ್ಲ ಡ್ರೈವರುಗಳಿಗೂ ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊದಲ್ಲಿ ಒಂದೇ ಚಾನೆಲ್. ಸಿಂಹ ಕಂಡವರು ಉಳಿದವರಿಗೆ ಸ್ವಾಹಿಲಿಯಲ್ಲಿ ಹೇಳುವುದು ವಾಡಿಕೆ. ಅಣ್ಣ ಮಾತ್ರ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದ. ಗಂಡು ಸಿಂಹಕ್ಕೆ ಮಾವ ಎಂದು ಹೆಸರಿಟ್ಟಿದ್ದ. "ಮಾವ ಕೆರೆ ಹತ್ರ ಮಲಗವ್ರೆ, ಬೇಗ ಬಾ" ಎಂದರೆ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಜನರೇ ಮೊದಲು ನೋಡುತ್ತಿದ್ದರು.

ಆಗ ಕೆರೆಯ ಸುತ್ತಲಿನ ಹಿಂಡು ಎರಡು ಗಂಡುಗಳ ವಶದಲ್ಲಿತ್ತು. ಒಂದೇ ತಾಯಿಯ ಮರಿಗಳು. ಹೆಣ್ಣುಗಳು ಹುಟ್ಟಿದ ಜಾಗದಲ್ಲೇ ಉಳಿಯುತ್ತವೆ, ಬದಲಾಗುವುದು ಗಂಡುಗಳು. ಒಂಟಿ ಗಂಡು ಹಿಂಡನ್ನು ಬಹಳ ಕಾಲ ಉಳಿಸಿಕೊಳ್ಳಲಾರದು. ಜೊತೆಗೆ ಒಡಹುಟ್ಟಿದವನೋ ಗೆಳೆಯನೋ ಬೇಕು. ಸಂಜೆ ಒಂದು ಗುಡುಗಿದರೆ ಇನ್ನೊಂದು ದೂರದಿಂದ ಓಗೊಡುತ್ತಿತ್ತು. ಆ ಇನ್ನೊಂದರ ದನಿ ಕೊನೆಯಲ್ಲಿ ಒಡೆದು ಕೆಮ್ಮಿದಂತೆ ಕೇಳುತ್ತಿತ್ತು. ಇಬ್ಬರಿದ್ದಾರೆಂದು ತಿಳಿದು ಹೊರಗಿನ ಗಂಡುಗಳು ದೂರ ಉಳಿಯುತ್ತಿದ್ದವು.

ಒಮ್ಮೆ ಇದನ್ನೆಲ್ಲ ನಾನು ಹೇಳುತ್ತಿದ್ದಾಗ, ಸಿಂಹ ನೋಡಲು ಬಂದಿದ್ದ ಮ್ಯಾನೇಜರೊಬ್ಬರು ಅಣ್ಣನನ್ನು ಕೇಳಿದರು, "ಇವ್ರು ನಿಮ್ಮ ತಮ್ಮನಾ?"

"ಅಯ್ಯೋ ಇಲ್ಲ ಸಾರ್, ನಮ್ಮ ಅಡುಗೆಯವನು. ಸಿಂಹಕ್ಕೂ ಇವನೇ ಬಡಿಸೋದು" ಎಂದ ಅಣ್ಣ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಜೆ ಡಬ್ಬಿ ತೊಳೆಯುತ್ತಾ ಕೇಳಿದೆ, "ಯಾಕಣ್ಣ ಹಂಗಂದೆ?"

"ದೊಡ್ಡ ಜನ ಕಣೋ ಅವ್ರು, ಸುಮ್ನೆ ತಮಾಷೆಗಂದೆ. ನಿಂಗೆ ಮೂಗಿನ ತುದೀಲೇ ಕೋಪ."

ಆ ಕೋಪ ಇಳಿಯಲಿಲ್ಲ. ಮನೆ ಬಿಟ್ಟೆ. ಮೂವರು ಡ್ರೈವರುಗಳಿದ್ದ ಬೇರೆ ಕಂಪನಿ ಸೇರಿ, ಅವರಿಗೆ ಮೊದಲು ಕಲಿಸಿದ್ದೇ ಮಾವ ಎಂದರೆ ಯಾರು, ಕೆರೆ ಎಂದರೆ ಎಲ್ಲಿ ಎಂಬುದನ್ನು. ಅಣ್ಣ ತನ್ನ ಜನರನ್ನು ಕರೆತರುವಷ್ಟರಲ್ಲಿ ನಮ್ಮ ಗಾಡಿಗಳು ಸಿಂಹದ ಸುತ್ತ ನಿಂತಿರುತ್ತಿದ್ದವು. ಗಾಜಿನ ಹಿಂದೆ ಅವನ ಮುಖ ಸಣ್ಣದಾಗುವುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಫೋನಿನಲ್ಲಿ ಅವನ ನಂಬರನ್ನೂ ಬ್ಲಾಕ್ ಮಾಡಿದೆ.

ಅದೇ ಸಮಯದಲ್ಲಿ ದಕ್ಷಿಣದ ಬಯಲಿನಿಂದ ಹೊಳೆ ದಾಟಿ ಮೂರು ಹೊಸ ಗಂಡುಗಳು ಬಂದವು. ಕೆರೆಯ ಜೋಡಿಯಲ್ಲಿ ಒಡಕು ದನಿಯದನ್ನು ಕೊಂದವು. ಹೆಣವನ್ನು ನಾನೇ ನೋಡಿದೆ. ಉಳಿದದ್ದು ಹಿಂಡು ಬಿಟ್ಟು ಓಡಿತು. ಹಾಗೆ ಸೋತ ಒಂಟಿ ಗಂಡು ಬೇರೆಯವರ ನೆಲದಲ್ಲಿ ಬಾಯಿ ಬಿಡುವುದಿಲ್ಲ. ಗುಡುಗಿದರೆ ಇದ್ದ ಜಾಗ ತಿಳಿದುಹೋಗುತ್ತದೆ.

ಮಳೆ ಬಿದ್ದ ಒಂದು ಸಂಜೆ ನಾನು ಖಾಲಿ ಗಾಡಿಯಲ್ಲಿ ಹೊರಡುತ್ತಿದ್ದೆ. ರೇಡಿಯೊದಲ್ಲಿ ಅಣ್ಣ ಬಂದ. "ಲೋ ತಮ್ಮ, ನಾಳೆ ಬರೋರಿಗೆ ಮಾವನ್ನ ಹುಡುಕ್ತಾ ದಾರಿ ಬಿಟ್ಟು ಇಳಿದ್ಬಿಟ್ಟೆ. ಕೆರೆ ಹಿಂದೆ ಕೆಸರಲ್ಲಿ ಹೂತ್ಕೊಂಡಿದೀನಿ. ಒಬ್ನೇ ಇದೀನಿ. ಹಗ್ಗ ತಗೊಂಡ್ ಬಾರೋ."

ಕಾಡಿನಲ್ಲಿ ದಾರಿ ಬಿಟ್ಟು ಇಳಿಯುವುದು ತಪ್ಪು. ಸ್ವಾಹಿಲಿಯಲ್ಲಿ ಕೂಗಿದ್ದರೆ ಕಾವಲಿನವರಿಗೂ ತಿಳಿದು ಲೈಸೆನ್ಸ್ ಹೋಗುತ್ತಿತ್ತು. ಅದಕ್ಕೇ ಕನ್ನಡದಲ್ಲಿ ಕರೆದಿದ್ದ. ನಾನು ಕಲಿಸಿದ್ದ ಒಂದೆರಡು ಮಾತು ಬಿಟ್ಟರೆ ಬೇರೆ ಡ್ರೈವರುಗಳಿಗೆ ಕನ್ನಡ ಬಾರದು. ಅಷ್ಟು ಗಾಡಿಗಳಲ್ಲಿ ಅವನ ಕಷ್ಟ ತಿಳಿದವನು ನಾನೊಬ್ಬನೇ. ಅಡುಗೆಯವನನ್ನು ಯಾಕೆ ಕರೆಯುತ್ತೀಯ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅದರಲ್ಲೊಂದು ಸುಖವಿತ್ತು.

ಬೆಳಿಗ್ಗೆ ಕಾವಲಿನವರು ಅವನನ್ನು ಕಂಡರು. ತಾನೇ ಗಾಡಿ ಎತ್ತಲು ಹೋಗಿ, ಜಾಕ್ ಕೆಸರಿನಲ್ಲಿ ಜಾರಿ, ಚಕ್ರ ಕಾಲ ಮೇಲೆ ಕೂತಿತ್ತು. ಫೋನು, ಮೈಕು ಎರಡೂ ಸೀಟಿನ ಮೇಲೆ, ಕೈಗೆ ಎಟುಕದಷ್ಟು ದೂರ. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಆಸ್ಪತ್ರೆಯಲ್ಲಿ ಅಣ್ಣ ನನ್ನ ಕೈ ಹಿಡಿದುಕೊಂಡ. "ನೀನಿಲ್ದಿದ್ರೆ ಉಳೀತಿರ್ಲಿಲ್ಲ ಕಣೋ. ರಾತ್ರಿಯೆಲ್ಲಾ ರೇಡಿಯೊದಲ್ಲಿ ಮಾತಾಡ್ತಾನೇ ಇದ್ಯಲ್ಲ. 'ಬರ್ತಿದೀನಿ ಅಣ್ಣ, ನಿದ್ದೆ ಮಾಡ್ಬೇಡ' ಅಂತ. ಗೇಟು ಮುಚ್ಚಿಬಿಟ್ರೇನೋ, ಬರಕ್ಕಾಗ್ಲಿಲ್ಲ ಪಾಪ."

ನೋವಿನಲ್ಲಿ ಏನೋ ಕೇಳಿಸಿರಬೇಕು ಎಂದುಕೊಂಡೆ. ಆದರೆ ನಾನಲ್ಲ ಎನ್ನಲು ಬಾಯಿ ಬರಲಿಲ್ಲ. ನೋಡಲು ಬಂದವರಿಗೆಲ್ಲ ಅವನು, "ಇವನೇ ನನ್ನ ತಮ್ಮ, ಉಳಿಸಿದವನು" ಎಂದು ತೋರಿಸುತ್ತಿದ್ದ. ಯಾವ ಮಾತಿಗಾಗಿ ಮನೆ ಬಿಟ್ಟಿದ್ದೆನೋ ಆ ಮಾತು ಈಗ ದಿನವೂ ಸಿಗುತ್ತಿತ್ತು. ಒಂದೊಂದು ಸಲವೂ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಮನೆಗೆ ಮರಳಿ ಅವನ ಗಾಡಿ ಓಡಿಸತೊಡಗಿದೆ.

ಮುಂದಿನ ವರ್ಷದ ಮಳೆಗಾಲದಲ್ಲಿ, ನೈರೋಬಿಯ ಹೈರಿಡ್ಜ್ ಬಡಾವಣೆಯ ಕನ್ನಡದ ಡಾಕ್ಟರ್ ದಂಪತಿಯನ್ನು ಕರೆದೊಯ್ದಿದ್ದೆ. ಇನ್ನೂ ಬೆಳಕಿತ್ತು. ಕೆರೆಯ ಹಿಂದೆ, ಅಣ್ಣ ಹೂತುಕೊಂಡಿದ್ದ ಅದೇ ಜಾಗದಲ್ಲಿ, ಹಿಂಡು ಬಿಟ್ಟು ಓಡಿದ್ದ ಗಂಡು ಸಿಂಹ ಒಂಟಿಯಾಗಿ ಹುಲ್ಲಿನಲ್ಲಿ ಕೂತಿತ್ತು. ಬಡಕಲಾಗಿ ಪಕ್ಕೆಲುಬು ಕಾಣುತ್ತಿತ್ತು. ಗಾಡಿ ನಿಲ್ಲಿಸಿದೆ. ಅದು ನನ್ನ ಮುಖವನ್ನೇ ನೋಡುತ್ತಾ ಎದ್ದು ನಿಂತು ಗುಡುಗಿತು.

ನಾನು ಬೆಚ್ಚಿದೆ. ಅದು ಗುಡುಗಬಾರದಿತ್ತು. ಅಷ್ಟರಲ್ಲಿ ಮೂಡಲ ದಿಕ್ಕಿನಿಂದ ಓಗೊಟ್ಟ ಸದ್ದು ಬಂತು. ಒಂದೇ ದನಿ, ಕೊನೆಯಲ್ಲಿ ಒಡೆದು ಕೆಮ್ಮುವ ದನಿ. ಆ ದನಿಯ ಸಿಂಹದ ಹೆಣವನ್ನು ನೊಣ ಮುತ್ತಿದ್ದನ್ನು ನಾನು ಕಂಡಿದ್ದೆ.

ಆಗ ರೇಡಿಯೊ ಕರಕರ ಎಂದಿತು. "ಬರ್ತಿದೀನಿ ಅಣ್ಣ. ನಿದ್ದೆ ಮಾಡ್ಬೇಡ."

ನನ್ನದೇ ಧ್ವನಿ. ನನ್ನ ಎರಡು ಕೈಗಳೂ ಸ್ಟೇರಿಂಗಿನ ಮೇಲಿದ್ದವು. ಆ ಮಾತಿನಲ್ಲಿ ಕನಿಕರವೇ ಇರಲಿಲ್ಲ. ನನಗೆ ಕೇಳಿಸಲೆಂದೇ ಹಲ್ಲು ಕಚ್ಚಿ ಹೇಳಿದಂತಿತ್ತು.

"ನಾನಿ ಹುಯೊ?" ಯಾರದು ಎಂದು ಯಾವನೋ ಡ್ರೈವರು ಚಾನೆಲಿನಲ್ಲಿ ಕೇಳಿದ. ಹಿಂದಿನಿಂದ ಡಾಕ್ಟರಮ್ಮ, "ನಿಮ್ಮ ವಾಯ್ಸ್ ಅಲ್ವಾ? ನೀವು ಮೈಕ್ ಮುಟ್ಲೇ ಇಲ್ವಲ್ಲ" ಎಂದರು. ಸಿಂಹ ಮೂಡಲಿಗೆ ನಡೆದು ಹುಲ್ಲಿನಲ್ಲಿ ಮರೆಯಾಯಿತು. ದಾರಿ ಇರುವಷ್ಟು ದೂರ ಗಾಡಿ ಓಡಿಸಿ ನೋಡಿದೆ. ಎರಡನೆಯ ಸಿಂಹ ಎಲ್ಲೂ ಇರಲಿಲ್ಲ.

ಆಮೇಲೆ ತೋರಿಸಿದಾಗ ರೇಡಿಯೊ ರಿಪೇರಿಯವನಿಗೆ ಯಾವ ದೋಷವೂ ಸಿಗಲಿಲ್ಲ. ಮಾತಾಡಿದ್ದು ಒಳ್ಳೆಯ ಶಕ್ತಿಯಾದರೆ ನನ್ನ ಧ್ವನಿಯನ್ನೇ ಯಾಕೆ ಕದಿಯಿತು? ನಾನು ಮಾಡಬೇಕಾದ್ದನ್ನು ನನ್ನ ಹೆಸರಿನಲ್ಲಿ ಮಾಡಿ, ಅಣ್ಣನ ಬಾಯಿಂದ ನನಗೆ ಹೊಗಳಿಕೆ ಹೊರಿಸಿತಲ್ಲ, ಅದಕ್ಕಿಂತ ದೊಡ್ಡ ಸೇಡು ನನಗೆ ತಿಳಿದಿಲ್ಲ. ಯಾರ ಸೇಡು ಎಂಬುದು ಇಂದಿಗೂ ಗೊತ್ತಿಲ್ಲ.

ಆ ಧ್ವನಿ ಕೇಳಿದ ದಿನವೇ ಮನೆಗೆ ಬಂದಾಗ ಅಣ್ಣ ಕೃತಕ ಕಾಲು ಬಿಚ್ಚಿಟ್ಟು ಕೂತಿದ್ದ. ಅತ್ತಿಗೆ ಸೊಪ್ಪು ಬಿಡಿಸುತ್ತಿದ್ದರು.

"ಮಾವ ಕಂಡ್ರೇನೋ?" ಎಂದ.

"ಕಂಡ್ರು" ಎಂದು ಅವನ ಹತ್ತಿರ ನೆಲದ ಮೇಲೆ ಕೂತೆ. ಅತ್ತಿಗೆಗೂ ಕೇಳಿಸುವಂತೆ ಹೇಳಿದೆ, "ಅಣ್ಣ, ಅವತ್ತು ರೇಡಿಯೊದಲ್ಲಿ ಮಾತಾಡಿದ್ದು ನಾನಲ್ಲ. ನೀನು ಕರೆದಿದ್ದು ಕೇಳಿಸ್ತು. ಬೇಕೂಂತ್ಲೇ ಬರ್ಲಿಲ್ಲ. ತಪ್ಪಾಯ್ತಣ್ಣ."