ಮಂಗಳವಾರದ ಲಾಗಿನ್

ನಮ್ಮ ಮಹಡಿಯ ಮೇಲಿನ ಮನೆಯಲ್ಲಿ ತಕ್ಕಡಿ ರಿಪೇರಿ ಮಾಡುವವನೊಬ್ಬನಿದ್ದಾನೆ. ಅಂಗಡಿಯವರು ಅವನನ್ನು ತೂಕಪ್ಪ ಎನ್ನುತ್ತಾರೆ. ಮಾತನ್ನೂ ತೂಗಿ ಆಡುವ ಆಸಾಮಿ. ದಿನಕ್ಕೆ ಇಪ್ಪತ್ತು ಗ್ರಾಂ, ಭಾನುವಾರ ಅದೂ ಇಲ್ಲ. ಮೆಟ್ಟಿಲ ಮೇಲೆ ಎದುರಾದಾಗ ಅವನು ‘ಹೂಂ’ ಎಂದುಬಿಟ್ಟರೆ, ನಾನು ಮನೆಗೆ ಬಂದು ಹೆಂಡತಿಗೆ ‘ತೂಕಪ್ಪ ಇವತ್ತು ಭಾಷಣ ಮಾಡಿದ ಕಣೇ’ ಎಂದು ವರದಿ ಒಪ್ಪಿಸುತ್ತೇನೆ.

ಅವನದು ಒಂದೂವರೆ ಕೋಣೆಯ ಮನೆ. ಒಂದರ ತುಂಬ ಸ್ಪ್ರಿಂಗು, ತಿರುಪು, ತಟ್ಟೆ ಕಳೆದುಕೊಂಡ ತಕ್ಕಡಿಗಳು. ಉಳಿದ ಅರ್ಧದಲ್ಲಿ ಒಂದು ಮಂಚ, ಒಂದು ಕುರ್ಚಿ, ಒಂದು ಕಂಪ್ಯೂಟರು. ಆ ಕಂಪ್ಯೂಟರಿನ ಫ್ಯಾನು ಹಾಕುವ ಸದ್ದಿಗೆ ನಮ್ಮ ಅಡುಗೆಮನೆಯ ಲೋಟಗಳು ಜಾಗ ಬದಲಾಯಿಸುತ್ತವೆ ಎಂದರೆ ನೀವು ನಂಬುವುದಿಲ್ಲ, ನಂಬಬೇಡಿ. ಆದರೆ ಹನ್ನೊಂದು ವರ್ಷಗಳಿಂದ ಅದು ಒಂದು ದಿನವೂ ಆರಿರಲಿಲ್ಲ ಎಂಬುದು ಅಪ್ಪಟ ಸತ್ಯ. ಕರೆಂಟು ಹೋದರೆ ತೂಕಪ್ಪ ತನ್ನ ದೀಪ ಹಚ್ಚುವ ಮೊದಲು ಅದಕ್ಕೆ ಬ್ಯಾಟರಿ ಕೊಡುತ್ತಿದ್ದ.

ಯಾಕೆಂದು ನನಗೆ ಗೊತ್ತಾದದ್ದು ಈಚೆಗೆ. ಒಂದು ಸಂಜೆ ಅವನಾಗಿಯೇ ಕೆಳಗಿಳಿದು ಬಂದು ನಮ್ಮ ಬಾಗಿಲಲ್ಲಿ ನಿಂತ.

“ಯಜಮಾನ್ರೇ, ಒಂದು ಮಾತು. ಚಿನ್ನಿ ಬಂದಿಲ್ಲ.”

“ಬೆಕ್ಕಾ?”

“ತಂಗಿ.”

ತೂಕಪ್ಪನಿಗೆ ತಂಗಿಯೊಬ್ಬಳಿದ್ದಾಳೆಂಬುದೇ ನಮಗೆ ತಿಳಿದಿರಲಿಲ್ಲ. ಮೇಲೆ ಕರೆದೊಯ್ದು ಆ ಒಂದೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ತಾನು ಮಂಚದ ಅಂಚಿಗೆ ಕೂತು, ಒಂದು ವರ್ಷದ ಕೋಟಾ ಮಾತನ್ನೆಲ್ಲ ಅರ್ಧ ಗಂಟೆಯಲ್ಲಿ ಖರ್ಚು ಮಾಡಿದ.

ಆ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವಳು ಚಿನ್ನಿ. ‘ಇದನ್ನ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು ಕಣೋ, ನಿನ್ನ ತಕ್ಕಡಿ ಥರ’ ಎಂದಿದ್ದಳಂತೆ. ಆಮೇಲೆ ಬೇರೆ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಹೋದಳು. ಅಮ್ಮನಿಗೆ ಹುಷಾರಿಲ್ಲದಾದಾಗ, ದೂರದಲ್ಲಿರುವವಳು ಗಾಬರಿಯಾಗುತ್ತಾಳೆಂದು ತೂಕಪ್ಪ ಇವತ್ತು ಫೋನ್ ಮಾಡೋಣ, ನಾಳೆ ಮಾಡೋಣ ಎಂದುಕೊಂಡೇ ಕೂತ. ಅವಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವತ್ತು ಮಾತು ಬಿಟ್ಟವಳು ಮತ್ತೆ ಆಡಿರಲಿಲ್ಲ.

ಆದರೆ ಪ್ರತಿ ಮಂಗಳವಾರ ಸಂಜೆ ಆರೂವರೆಗೆ, ಅಲ್ಲಿಂದಲೇ ನೆಟ್ಟಿನ ಮೂಲಕ, ತನ್ನ ಹಳೆಯ ಹೆಸರು ಪಾಸ್‌ವರ್ಡು ಕೊಟ್ಟು ಈ ಕಂಪ್ಯೂಟರಿನೊಳಗೆ ಬರುತ್ತಿದ್ದಳು. ಎರಡು ನಿಮಿಷ ಇದ್ದು ಹೋಗುತ್ತಿದ್ದಳು. ಏನನ್ನೂ ತೆರೆಯುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ. ಯಾರು ಯಾವಾಗ ಬಂದರೆಂದು ಕಂಪ್ಯೂಟರು ಪಟ್ಟಿ ಬರೆದಿಡುತ್ತದಲ್ಲ, ಅದರಲ್ಲಿ ಅವಳ ಹೆಸರು ಕಂಡರೆ ತೂಕಪ್ಪನ ವಾರ ದಡ ಸೇರಿದಂತೆ. ಹನ್ನೊಂದು ವರ್ಷದ ಅಣ್ಣ-ತಂಗಿಯ ಸಂಸಾರವೆಲ್ಲ ಆ ಒಂದು ಸಾಲು.

ಈಗ ಎರಡು ಮಂಗಳವಾರಗಳಿಂದ ಆ ಸಾಲಿಲ್ಲ.

“ಫೋನ್ ಮಾಡೋ ಮಾರಾಯ,” ಅಂದೆ.

“ಬೇರೆ ಯಾರಾದ್ರೂ ಎತ್ತಿಬಿಟ್ರೆ?” ಅಂದ. ಅವನ ಮುಖ ನೋಡಿ ನನ್ನ ನಾಲಿಗೆಯಲ್ಲಿದ್ದ ತಮಾಷೆ ಹಾಗೇ ಒಳಗೆ ಹೋಯಿತು.

“ಈಚೆಗೆ ಕಂಪ್ಯೂಟರಿಗೆ ಏನಾದ್ರೂ ಮಾಡಿದ್ಯಾ?”

ಮಾಡಿದ್ದ. ಮೂರು ವಾರದ ಹಿಂದೆ ಹೊಸ ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಹೊಸ ಕಂತುಗಳನ್ನು, ಹಾಕಲು ಹೋಗಿ, ಒಂದು ಅರ್ಧಕ್ಕೆ ನಿಂತಿತ್ತು. ಅದಕ್ಕೆ ಬೇಕಾದದ್ದು ಇನ್ನೊಂದು, ಆ ಇನ್ನೊಂದಕ್ಕೆ ಬೇಕಾದದ್ದು ಮತ್ತೊಂದು. ಒಟ್ಟು ನಾನೂರು ಪ್ಯಾಕೇಜುಗಳು ಒಂದರ ಬಾಲ ಇನ್ನೊಂದು ಹಿಡಿದು ಬೀದಿಯ ತುದಿಯವರೆಗೆ ಸಾಲು ನಿಂತಿದ್ದವೆಂದು ಇಟ್ಟುಕೊಳ್ಳಿ. ಎರಡು ದಿನ ಗುದ್ದಾಡಿ ಸರಿಮಾಡಿದ್ದ. ನಡುವೆ ಕಂಪ್ಯೂಟರು ಒಂದು ಪ್ರಶ್ನೆ ಕೇಳಿತ್ತು: ದೂರದಿಂದ ಲಾಗಿನ್ ಆಗುವವರ ನಿಯಮದ ಫೈಲು ನಿಮ್ಮಲ್ಲಿ ಹಳೆಯದಿದೆ, ಅದನ್ನೇ ಇಟ್ಟುಕೊಳ್ಳುವಿರೋ, ಹೊಸದು ಹಾಕಲೋ?

“ನೀನೇನಂದೆ?”

“ಹೊಸದು ಹಾಕು ಅಂದೆ. ಹೊಸ ಸ್ಪ್ರಿಂಗ್ ಕೈಲಿರುವಾಗ ಹಳೇದನ್ನೇ ಇಟ್ರೆ ತಕ್ಕಡಿ ಸುಳ್ಳು ಹೇಳುತ್ತೆ ಯಜಮಾನ್ರೇ. ಮೂವತ್ತು ವರ್ಷದಿಂದ ಹಾಗೇ ಮಾಡಿರೋದು.”

ಹೇಳುತ್ತ ಹೇಳುತ್ತ ಅವನ ದನಿ ನಿಧಾನವಾಯಿತು. ಎದ್ದು ಬಂದು, ನನ್ನನ್ನು ಕುರ್ಚಿಸಮೇತ ಪಕ್ಕಕ್ಕೆ ತಳ್ಳಿ, ನಿಂತುಕೊಂಡೇ ಆ ಫೈಲು ತೆರೆದ. ಹಳೆಯದರಲ್ಲಿ ಚಿನ್ನಿ ತನ್ನ ಕೈಯಾರೆ ಬರೆದಿದ್ದ ಅನುಮತಿ ಹೊಸದರಲ್ಲಿ ಇರಲಿಲ್ಲ. ಬದಲಿಗೆ, ಹೊರಗಿನಿಂದ ಬರುವವರ ಪಾಸ್‌ವರ್ಡು ಒಪ್ಪಬೇಡ ಎಂದಿತ್ತು.

ಬಂದವರದಷ್ಟೇ ಅಲ್ಲ, ಬಾಗಿಲು ತಟ್ಟಿ ವಾಪಸು ಹೋದವರದೂ ಒಂದು ಪಟ್ಟಿ ಇರುತ್ತದಂತೆ. ಅದನ್ನು ಅವನು ಎಂದೂ ನೋಡಿರಲಿಲ್ಲ. ನೋಡುವ ಪ್ರಮೇಯವೇ ಬಂದಿರಲಿಲ್ಲ. ಈಗ ತೆಗೆದ. ಚಿನ್ನಿಯ ಹೆಸರಿತ್ತು. ಮೊದಲ ಮಂಗಳವಾರ ನಾಲ್ಕು ಸಲ. ಮರುದಿನ ಎರಡು ಸಲ. ಮುಂದಿನ ಮಂಗಳವಾರ ಒಂದೇ ಒಂದು ಸಲ.

ತೂಕಪ್ಪ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ನಿಂತನೆಂದರೆ, ಅಷ್ಟರಲ್ಲಿ ನನಗೆ ಇನ್ನೊಂದು ವರ್ಷ ವಯಸ್ಸಾಯಿತು.

“ಬದುಕಿದಾಳೆ,” ಅಂದ. ಬೆರಳು ತೆಗೆದು, “ನಾನೇ ಆಚೆ ನಿಲ್ಲಿಸಿದೆ.”

ಪುಣ್ಯಕ್ಕೆ ಹಳೆಯ ಫೈಲನ್ನು ಕಂಪ್ಯೂಟರು ಬಿಸಾಕಿರಲಿಲ್ಲ, ಬೇರೆ ಹೆಸರಿನಲ್ಲಿ ಪಕ್ಕಕ್ಕಿಟ್ಟಿತ್ತು. ಅದನ್ನು ಮತ್ತೆ ಜಾಗಕ್ಕೆ ಕೂರಿಸಿ, ನನ್ನ ಫೋನಿನಿಂದ ಲಾಗಿನ್ ಆಗಿ ಪರೀಕ್ಷೆ ಮಾಡಿದ. ಬಾಗಿಲು ತೆರೆಯಿತು. ಮುಂದಿನ ಮಂಗಳವಾರ ಐದು ಗಂಟೆಗೇ ಕೂತ. ಏಳಾಯಿತು, ಎಂಟಾಯಿತು. ಬಂದವರ ಪಟ್ಟಿಯಲ್ಲೂ ಹೆಸರಿಲ್ಲ, ತಟ್ಟಿದವರ ಪಟ್ಟಿಯಲ್ಲೂ ಇಲ್ಲ.

ಮರುದಿನ ಬೆಳಿಗ್ಗೆ ನಾನೇ ಮೇಲೆ ಹೋದೆ. “ಬಾಗಿಲು ತೆಗೆದಿದೆ ಅಂತ ಅವಳಿಗೆ ಕನಸು ಬೀಳುತ್ತಾ? ಹೇಳಬೇಕಪ್ಪ. ಹೇಳದೇ ಇದ್ದದ್ದಕ್ಕೇ ಅಲ್ವಾ ಇಷ್ಟೆಲ್ಲ?”

ಕೊನೆಯ ಮಾತು ಸ್ವಲ್ಪ ಭಾರವಾಯಿತು. ಆದರೂ ಕೆಲಸ ಮಾಡಿತು. ಅವನು ನಂಬರು ಒತ್ತಿದ. ಆ ಫೋನಿನ ದನಿ ಎಷ್ಟು ಗಟ್ಟಿಯೆಂದರೆ, ನಾನು ಕದ್ದು ಕೇಳುವ ಪಾಪ ಕಟ್ಟಿಕೊಳ್ಳಬೇಕಾಗಲಿಲ್ಲ.

“ಚಿನ್ನೀ, ನಾನು.”

“ಗೊತ್ತಾಯ್ತು. ಫೋನ್ ಮಾಡೋಕೆ ಬರುತ್ತಾ ನಿನಗೆ?”

“ಅದು... ಪ್ಯಾಕೇಜ್ ಹಾಕುವಾಗ ಹೊಸ ಫೈಲ್ ಹಾಕಿಬಿಟ್ಟೆ. ಅದಕ್ಕೇ ನಿನ್ನ ಪಾಸ್‌ವರ್ಡ್ ತಗೊಳ್ಳಲಿಲ್ಲ. ಬೇಕೂಂತ ಮಾಡಿದ್ದಲ್ಲ.”

“ನಾನು ಬೇಕೂಂತಲೇ ಅಂದ್ಕೊಂಡೆ. ಕಂಪ್ಯೂಟರ್ ಆರಿಹೋಗಿದ್ರೆ ನಿನಗೇನೋ ಆಗಿದೆ ಅಂತ ಓಡಿ ಬರ್ತಿದ್ದೆ. ಅದು ‘ಬೇಡ’ ಅಂತ ಉತ್ತರ ಕೊಡ್ತಿತ್ತು. ಅಂದ್ರೆ ನೀನು ಚೆನ್ನಾಗೇ ಇದೀಯ, ನಾನು ಬರೋದು ಬೇಡವಾಗಿದೆ, ಅಷ್ಟೇ ಅಂದ್ಕೊಂಡೆ.”

“ಅದಕ್ಕೇನಾ ಬರ್ತಿದ್ದಿದ್ದು? ನಾನು ಇದೀನಾ ಅಂತ ನೋಡೋಕೆ?”

“ಮತ್ತೆ ನಿನ್ನ ಸ್ಪ್ರಿಂಗ್ ಎಣಿಸೋಕಾ?”

ತೂಕಪ್ಪ ಗೋಡೆಯ ಕಡೆ ತಿರುಗಿದ. “ಅವತ್ತು ಅಮ್ಮನ ವಿಷಯ ನಾನು...”

“ಬೇಡ ಅಣ್ಣ. ಅದು ಬೇಡ ಈಗ.”

“ಸರಿ. ಮಂಗಳವಾರ...”

“ನೋಡೋಣ.” ಕಟ್ ಆಯಿತು. ಹನ್ನೊಂದು ವರ್ಷಕ್ಕೆ ಮೂರು ನಿಮಿಷ. ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ.

ಆ ಮಂಗಳವಾರ ನನ್ನನ್ನೂ ಕರೆದ. ಒಬ್ಬನೇ ಕೂರಲಾರೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಕುರ್ಚಿಯ ಮೇಲಿನ ಧೂಳು ಒರೆಸಿ ನನ್ನತ್ತ ತಿರುಗಿಸಿಟ್ಟ. ಆರೂವರೆ ದಾಟಿತು. ಆರು ಮೂವತ್ತೆಂಟಕ್ಕೆ ಪಟ್ಟಿಯ ತುದಿಗೆ ಹೊಸ ಸಾಲು ಬಂತು. ಅವಳ ಹೆಸರು. ಪಕ್ಕದಲ್ಲಿ, ‘ಇನ್ನೂ ಒಳಗಿದ್ದಾರೆ.’

ಎರಡು ನಿಮಿಷವಾಯಿತು, ಹೋಗಲಿಲ್ಲ. ಐದಾಯಿತು. ಅವಳ ಪರದೆಯ ಮೇಲೆ ಮೂಡುವಂತೆ ಇಲ್ಲಿಂದಲೇ ಒಂದು ಮಾತು ಬರೆದು ಕಳಿಸಬಹುದಂತೆ. ತೂಕಪ್ಪ ಏನೋ ಟೈಪು ಮಾಡಿ ಅಳಿಸಿದ. ಮತ್ತೆ ಮಾಡಿ, ಮತ್ತೆ ಅಳಿಸಿ, ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

ನಾನು ಹುರಿದುಂಬಿಸಲೆಂದು ಗಂಟಲು ಸರಿಮಾಡಿಕೊಂಡೆ.

“ಸದ್ದು ಮಾಡ್ಬೇಡಿ ಯಜಮಾನ್ರೇ,” ಎಂದು ಪಿಸುಗುಟ್ಟಿದ, “ಇದ್ದಾಳೆ.”

ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದೆ.