ಖಾರಾದ ಪೆಟ್ಟಿಗೆಯ ಹಳದಿ ಬಲ್ಬು

ಖಾರಾ ಮೆತ್ತಗಾದರೆ ಸವಣೂರಿನಲ್ಲಿ ಮೊದಲು ಬೈಸಿಕೊಳ್ಳುವುದು ಎಣ್ಣೆಯಲ್ಲ, ಹಿಟ್ಟಲ್ಲ, ಕರಿದವರ ಕೈ. ಕಡಲೆಹಿಟ್ಟಿನ ಸೇವು, ಶೇಂಗಾ, ಕರಿಬೇವು, ಬೆಳ್ಳುಳ್ಳಿ ಎಲ್ಲ ಕೂಡಿಸಿದ ಈ ತಿಂಡಿಯನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಅದು ಗರಿಗರಿಯಾಗಿ ಉಳಿಯಬೇಕಾದರೆ ಕೈಗುಣ ಬೇಕು ಎಂಬುದು ನಮ್ಮ ಓಣಿಯವರ ನಂಬಿಕೆ. ನನ್ನ ಅತ್ತೆಗೆ ಆ ಕೈಗುಣವಿತ್ತು. ಇತ್ತು ಎಂದು ಊರೇ ಹೇಳುತ್ತಿತ್ತು, ಊರಿಗಿಂತ ಮೊದಲು ಅವರೇ ಹೇಳುತ್ತಿದ್ದರು.

"ಮಳಿಗಾಲದಾಗೂ ನಮ್ಮ ಖಾರಾ ಕುರುಂ ಕುರುಂ ಅಂತೈತ್ರಿ. ಉಳದೋರ ಖಾರಾ ಹಲ್ಲಿಲ್ಲದ ಮುದುಕೂರಿಗೆ ಚಲೋ," ಎಂದು ಗಿರಾಕಿಗಳ ಮುಂದೆ ನಗುತ್ತಿದ್ದರು.

ನಾನು ಹಾನಗಲ್ ಕಡೆಯ ಆಡೂರಿನವಳು. ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ನನ್ನ ಪಾಲಿಗೆ ಬಂದದ್ದು ಬೆಳ್ಳುಳ್ಳಿ ಸುಲಿಯುವುದು ಮತ್ತು ಪಾತ್ರೆ ತಿಕ್ಕುವುದು. ಕಡಾಯಿಯ ಮುಂದಿನ ಮಣೆ ಅತ್ತೆಯದು. ನನಗೆ ಆ ಮಣೆ ಬೇಕಿತ್ತು. ಅದು ಆಸೆಯಲ್ಲ, ಹಟ. ಮೊಣಕಾಲು ನೋವು ಹೆಚ್ಚಾಗಿ ಅತ್ತೆ ಒಂದು ಬೇಸಿಗೆಯಲ್ಲಿ ಕರಿಯುವ ಝಾರಾ, ಆ ತೂತಿನ ಸೌಟನ್ನು, ನನ್ನ ಕೈಗೆ ಇಟ್ಟರು. "ಕೊಟ್ಟೇನಿ ಅನಕೋಬ್ಯಾಡ, ಹಿಡಕೊಂಡಿರು ಅಂದೇನಿ ಅಷ್ಟ," ಎಂದರು. ಆಗಲಿ ಎಂದೆ. ಒಮ್ಮೆ ಹಿಡಿದದ್ದನ್ನು ಬಿಡುವ ಪೈಕಿ ನಾನಲ್ಲ.

ಅದೇ ಬೇಸಿಗೆಯಲ್ಲಿ ಓಣಿಗೆ ಒಬ್ಬ ಹುಡುಗಿ ಬಂದಳು. ಹಳೆಯ ಬಲ್ಬು ತೆಗೆಸಿ ಎಲ್‌ಇಡಿ ಹಾಕಿಸುವ ಸಂಸ್ಥೆಯವಳು. ಹಾನಗಲ್, ಶಿಗ್ಗಾವಿ, ಹಿರೇಕೆರೂರು ಸುತ್ತಿ ನಮ್ಮಲ್ಲಿಗೆ ಬಂದಿದ್ದಳು. ಅವಳ ಸಂಸ್ಥೆ ದೇಶದೇಶಗಳಲ್ಲಿ ಇದನ್ನೇ ಮಾಡಿಸುತ್ತದಂತೆ. "ಈ ಹಳೇ ಬಲ್ಬ್ ತಿನ್ನೂ ಕರೆಂಟಿನಾಗ ಬೆಳಕಾಗೂದು ಒಂಚೂರ್ರೀ ಅಕ್ಕಾ, ಉಳದದ್ದೆಲ್ಲಾ ಬಿಸಿ ಆಗಿ ಹೋಗತೈತಿ," ಎಂದಳು. ದುಡಿಯುವುದು ಗೇಣು, ಉಣ್ಣುವುದು ಮಾರು! ಅಂಥವರನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳುವವಳಲ್ಲ. ಅವಳ ಜೊತೆ ಅಂಗಡಿ ಅಂಗಡಿ ತಿರುಗಿದೆ. ಒಲ್ಲೆ ಎಂದವರ ಜೊತೆ ವಾದ ಮಾಡಿದೆ, ಜಗಳವನ್ನೂ ಆಡಿದೆ. ಕೊನೆಗೆ ಓಣಿಯೆಲ್ಲ ಒಪ್ಪಿತು. ಉಳಿದದ್ದು ನಮ್ಮದೇ ಅಂಗಡಿ.

ನಮ್ಮ ಖಾರಾದ ಗಾಜಿನ ಪೆಟ್ಟಿಗೆಯೊಳಗೆ ಒಂದು ದೊಡ್ಡ ಹಳದಿ ಬಲ್ಬು ಬೆಳಗಿನಿಂದ ಅಂಗಡಿ ಮುಚ್ಚುವವರೆಗೆ ಉರಿಯುತ್ತಿತ್ತು. ಅತ್ತೆ ಅದಕ್ಕೆ ಕೈ ಹಚ್ಚಗೊಡಲಿಲ್ಲ. "ನಿಮ್ಮ ಮಾವನೋರು ಕಟ್ಟಿದ್ದದು. ಬೆಳಕು ಅಂದ್ರ ಬಂಗಾರದಂಗ ಇರಬೇಕು. ಈ ದವಾಖಾನಿ ಬೆಳಕು ನನಗ ಬ್ಯಾಡ." ಶಿಗ್ಗಾವಿ, ಹಿರೇಕೆರೂರಿನ ಅಂಗಡಿಗಳಿಗೆ ಟೆಂಪೋದಲ್ಲಿ ಖಾರಾ ಒಯ್ಯುವ ನನ್ನ ಗಂಡನನ್ನು ಕೇಳಿದೆ. "ಅವ್ವ ಅನ್ನೂದೂ ಖರೆ, ನೀ ಅನ್ನೂದೂ ಖರೆ," ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಕಡೆಗೆ ಹಳದಿ ಬೆಳಕಿನದೇ ಎಲ್‌ಇಡಿ ತರಿಸಿ ಹಾಕಿದೆ. ಅತ್ತೆ ದಿಟ್ಟಿಸಿ ನೋಡಿದರು, ತಪ್ಪು ಸಿಗಲಿಲ್ಲ, ಹಳೆಯ ಬಲ್ಬನ್ನು ಒಳಗೆ ಮೂಲೆಯಲ್ಲಿ ಎತ್ತಿಟ್ಟರು.

ಮಳೆ ಹಿಡಿಯಿತು. ಖಾರಾ ಮೆತ್ತಗಾಯಿತು.

ಮೊದಲ ದಿನ ಯಾರೋ ಮೂಗು ಮುರಿದರು. ಆಮೇಲೆ ಪೆಟ್ಟಿಗೆಯಿಂದ ತುಂಬಿ ಕಳಿಸಿದ ಪುಡಿಕೆಗಳು ಹಿರೇಕೆರೂರಿನಿಂದ ವಾಪಸು ಬಂದವು. ಹಿಟ್ಟು ಸರಿಯಿರಲಿಕ್ಕಿಲ್ಲ ಎಂದು ನಾನು ಬಾಯಿ ತೆರೆದೆನೋ ಇಲ್ಲವೋ, ಅತ್ತೆ ತಿರುಗಿಬಿದ್ದರು. "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ! ಇಷ್ಟ ವರ್ಷ ಇದ ಹಿಟ್ಟು, ಇದ ಎಣ್ಣಿ. ಕೈ ಮಾತ್ರ ಹೊಸಾದು. ತಾ ಇಲ್ಲಿ ಝಾರಾ. ನಾಳಿಂದ ಬಳ್ಳೊಳ್ಳಿ ಸುಲಿ."

ಗಿರಾಕಿಗಳು ನಿಂತಿದ್ದರು. ಅವರೆದುರೇ ನನ್ನ ಕೈಯಿಂದ ಝಾರಾ ಹೋಯಿತು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಉಳ್ಳಾಗಡ್ಡಿಯಾದರೂ ಇದ್ದಿದ್ದರೆ ನೆಪ ಸಿಗುತ್ತಿತ್ತು, ಬೆಳ್ಳುಳ್ಳಿ ಅದಕ್ಕೂ ಬರುವುದಿಲ್ಲ.

ಅತ್ತೆ ನೋವಿನ ಕಾಲು ಮಡಚಿ ತಾವೇ ಕರಿಯಲು ಕುಳಿತರು. ಮರುದಿನ ಪೆಟ್ಟಿಗೆಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡವರು ಅಗಿಯುವುದನ್ನು ನಡುವೆಯೇ ನಿಲ್ಲಿಸಿದರು. ನಾನು ನೋಡುತ್ತಿದ್ದೇನೆಯೇ ಎಂದು ಓರೆಗಣ್ಣಿನಿಂದ ನೋಡಿದರು. ನೋಡುತ್ತಿದ್ದೆ! ಒಳಗೊಳಗೇ ಹಬ್ಬ ಮಾಡಿದೆ. ಅತ್ತೆ ಎಣ್ಣೆ ಬದಲಿಸಿದರು, ಗಿರಣಿ ಬದಲಿಸಿದರು, ಒಲೆಗೆ ದೃಷ್ಟಿ ತೆಗೆದರು. ಖಾರಾ ಮಾತ್ರ ಮೆತ್ತಗೇ. ಒಂದು ಮಧ್ಯಾಹ್ನ ಅವರು ಆರಿದ ಒಲೆಯ ಮುಂದೆ ಕುಳಿತು ಎರಡೂ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದುದನ್ನು ಕಂಡೆ. ನನ್ನ ಹಬ್ಬ ಅಲ್ಲಿಗೆ ಮುಗಿಯಿತು.

ನಮ್ಮ ಅಂಗಡಿಗೆ ಹತ್ತಿಕೊಂಡೇ ವೀಳ್ಯದೆಲೆ ಮಾರುವ ಚಾಚಾ ಕೂರುತ್ತಾರೆ. ಅವರ ಬುಟ್ಟಿ ನಮ್ಮ ಗಾಜಿನ ಪೆಟ್ಟಿಗೆಗೆ ಆತುಕೊಂಡೇ ಇರುತ್ತದೆ. ಅವತ್ತು ಸಂಜೆ ನಾನು ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತಿದ್ದಾಗ ಅವರು ಕರೆದರು.

"ಬೇಟಿ, ನಿನ್ನ ಹೊಸಾ ಬಲ್ಬಿಗೆ ಶುಕ್ರಿಯಾ ಹೇಳಬೇಕವ್ವಾ. ಮದಲ ನಿಮ್ಮ ಪೆಟಗಿ ಬಾಜೂಕಿನ ಎಲಿ ಮಧ್ಯಾಹ್ನಕ್ಕ ಬಾಡತಿದ್ದೂ. ಈಗ ಸಂಜೀತನಾ ಹಂಗ ಹಸರ ಇರತಾವ ನೋಡು."

"ಅಂದ್ರ ಆ ಬಲ್ಬ್ ಅಷ್ಟ ಕಾಯತಿತ್ತೇನ್ರಿ ಚಾಚಾ?"

"ಅಯ್ಯ, ಗಾಜಿಗೆ ಕೈ ಹಚ್ಚಿದ್ರ ಚುರ್ ಅಂತಿತ್ತು!"

ಬಿಸಿ ಆಗಿ ಹೋಗತೈತಿ ಎಂದಿದ್ದಳಲ್ಲ ಆ ಹುಡುಗಿ. ಎಲ್ಲಿಗೆ ಹೋಗುತ್ತಿತ್ತು ಎಂದು ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಒಳಗೆ ಓಡಿದೆ. ಮೂಲೆಯಲ್ಲಿಟ್ಟಿದ್ದ ಹಳೆಯ ಬಲ್ಬನ್ನು ಹಿತ್ತಲ ಕೋಣೆಯಲ್ಲಿ ಹಾಕಿ, ಕೆಳಗೆ ಒಂದು ತಾಟಿನಲ್ಲಿ ಮೆತ್ತಗಾದ ಖಾರಾ ಹರವಿಟ್ಟೆ. ಊಟದ ಹೊತ್ತಿಗೆ ತಿಂದು ನೋಡಿದೆ. ಕುರುಂ!

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೇಳಿದರೆ ಹಳೆಯ ಬಲ್ಬು ಪೆಟ್ಟಿಗೆಗೆ ಮರಳುತ್ತದೆ, ನನ್ನ ಮಾತು ನಂಬಿ ಬದಲಿಸಿದ ಓಣಿಯೂ ಹಿಂದೆ ತಿರುಗುತ್ತದೆ. ಹೇಳದಿದ್ದರೆ ನನ್ನ ಕೈ ಕೆಟ್ಟ ಕೈ ಎಂದೇ ಉಳಿಯುತ್ತದೆ, ಮಣೆ ಕೈತಪ್ಪುತ್ತದೆ. ಎರಡನ್ನೂ ಬಿಡುವುದಿಲ್ಲ ಎಂದು ನಿರ್ಧರಿಸಿದೆ. ತಾಟು ಎತ್ತಿಕೊಂಡು ಹೋಗಿ ಅತ್ತೆಯ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅತ್ತೆ ತಿಂದರು. ಬೈಯುತ್ತಾರೆ ಎಂದು ನಾನು ಸೊಂಟ ಕಟ್ಟಿ ನಿಂತಿದ್ದೆ.

"ಅಂದ್ರ ಇಷ್ಟ ವರ್ಷ ಕುರುಂ ಅಂದಿದ್ದು ನನ್ನ ಕೈ ಅಲ್ಲ. ಈ ಬಲ್ಬ್ ಅಂತನ್ನು."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಕೈಯನ್ನು ಉಳಿಸಿಕೊಳ್ಳುವ ಭರದಲ್ಲಿ ಅವರ ಕೈಯನ್ನು ಕಸಿದುಕೊಂಡಿದ್ದೆ. "ರುಚಿ ನಿಮ್ಮ ಕೈದರಿ ಅತ್ತಿ, ಬಲ್ಬಿಗೆ ಏನ ಗೊತ್ತು ರುಚಿ," ಎಂದೆ. "ಮೂಗಿಗೆ ತುಪ್ಪಾ ಹಚ್ಚಬ್ಯಾಡ ನನಗ," ಎಂದು ತಾಟು ಸರಿಸಿ, ಉಣ್ಣದೆ ಮಲಗಿದರು.

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಸೆರಗು ಸಿಗಿಸಿಕೊಂಡು ಒಲೆ ಹೊತ್ತಿಸುತ್ತಿದ್ದರು. ಹಳೆಯ ಬಲ್ಬು ಕಸದ ಬುಟ್ಟಿಯಲ್ಲಿತ್ತು. "ಬಲ್ಬಿನ ಖಾರಾ ಅನಸಕೊಳ್ಳೂದು ನನಗ ಬ್ಯಾಡ. ಅದು ಇನ್ನೊಮ್ಮಿ ನನ್ನ ಪೆಟಗ್ಯಾಗ ಹೊಕ್ಕೀತು, ನೋಡತೇನಿ! ಬಾ, ಕೂಡು ಮಣಿ ಮ್ಯಾಲ. ನನಗ ಕಾಲ ಮಡಚಾಕ ಆಗೂದಿಲ್ಲ. ಇದೂ ತಾತ್ಪೂರ್ತಿಕ, ತಿಳೀತಿಲ್ಲೊ?"

ಅಲ್ಲಿಂದ ನಮ್ಮಿಬ್ಬರ ಯುದ್ಧ ಮಳೆಯ ಜೊತೆ. ಅತ್ತೆ ಸ್ಟೂಲಿನ ಮೇಲೆ, ನಾನು ಕಡಾಯಿಯ ಮುಂದೆ. ಬಿಸಿಯಿದ್ದಾಗಲೇ ಡಬ್ಬಿಗೆ ತುಂಬಿದೆವು, ಬೆವತು ಮುದ್ದೆಯಾಯಿತು. ಬಯಲಿಗೆ ಬಿಟ್ಟೆವು, ಗಾಳಿಯ ತಂಪು ಕುಡಿಯಿತು. ಎಣ್ಣೆಯ ಕಾವು ಏರಿಸಿದೆವು, ಸೀದಿತು. ಬೈದಾಡಿದೆವು, ಮತ್ತೆ ಹಿಟ್ಟು ಕಲಸಿದೆವು. ಕೊನೆಗೆ ದಾರಿ ಸಿಕ್ಕಿತು. ಸಣ್ಣ ಕಾವಿನಲ್ಲಿ ನಿಧಾನವಾಗಿ ಕರಿಯಬೇಕು, ಬಟ್ಟೆಯ ಮೇಲೆ ಹರವಿ ಪೂರ್ತಿ ಆರಲು ಬಿಡಬೇಕು, ಆರಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ ಒಲೆಯ ಕಟ್ಟೆಯ ಬೆಚ್ಚಗಿನ ಮೂಲೆಯಲ್ಲಿಡಬೇಕು. ಗಾಜಿನ ಪೆಟ್ಟಿಗೆಗೆ ಅರ್ಧ ದಿನಕ್ಕೆ ಸಾಕಾಗುವಷ್ಟು ಮಾತ್ರ. ಹಿರೇಕೆರೂರಿನಿಂದ ಪುಡಿಕೆ ವಾಪಸು ಬರುವುದು ನಿಂತಿತು. ಆದರೂ ಅತ್ತೆ ನನ್ನ ಕೈಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಗಿರಾಕಿಗಳು ಹೊಗಳಿದರೆ, "ನಮ್ಮ ಅಂಗಡಿದು ಅಲ್ಲೇನ್ರಿ," ಎಂದು ತೇಲಿಸುತ್ತಿದ್ದರು.

ಶ್ರಾವಣದ ಜಡಿಮಳೆಯಲ್ಲಿ ಆ ಹುಡುಗಿ ಹೊರದೇಶದ ನಾಲ್ಕಾರು ಜನರನ್ನು ಕರೆತಂದಳು. ಅವರ ದೇಶದಲ್ಲಿ ಈಗಷ್ಟೇ ಬಲ್ಬು ಬದಲಿಸುವ ಕೆಲಸ ಶುರುವಾಗಬೇಕಿತ್ತು; ನಮ್ಮ ಓಣಿ ನೋಡಲು ಬಂದಿದ್ದರು. ಬಣ್ಣಬಣ್ಣದ ತಲೆವಸ್ತ್ರ ಕಟ್ಟಿದ ಒಬ್ಬ ಹೆಂಗಸು ಏನೋ ಕೇಳಿದಳು. ಏನಾದರೂ ತೊಂದರೆ ಆಯಿತೇ ಎಂದು ಕೇಳುತ್ತಿದ್ದಾರೆ ಎಂದು ಹುಡುಗಿ ಹೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಶುರು ಮಾಡಿದರು.

"ಆಗದ ಏನ್ರಿ? ಖಾರಾ ಮೆತ್ತಗಾಗಿ ಮಾನ ಹೋಗಿತ್ತು ನಮ್ಮದು! ಅವರಿಗೆ ಹೇಳವ್ವಾ, ನಿಮ್ಮ ದೇಶದಾಗ ಬಲ್ಬ್ ಬಿಚ್ಚೂಕ್ಕಿಂತ ಮದಲ ಅದರ ಕೆಳಗ ಏನ ಇಟ್ಟಾರ ನೋಡ್ರಿ ಅಂತ. ಅದಕ್ಕೊಂದು ದಾರಿ ಮಾಡ್ರಿ, ಆಮ್ಯಾಲ ಬಿಚ್ಚರಿ."

ಹುಡುಗಿ ತಿಳಿಸಿದಾಗ ಆ ಹೆಂಗಸು ಹೋ ಎಂದು ನಕ್ಕಳು. ಅವಳ ತಾಯಿ ಬಲ್ಬಿನ ಕೆಳಗೆ ಕೋಳಿಮರಿ ಸಾಕುತ್ತಾಳಂತೆ. ನಗುತ್ತಲೇ ಖಾರಾ ತಿಂದಳು, ಮತ್ತೊಂದು ಮುಷ್ಟಿ ತೆಗೆದುಕೊಂಡಳು. ಇದನ್ನು ಮಾಡಿದವರು ಯಾರು ಎಂದು ಕೇಳಿದಳು.

ನಾನು ತಲೆ ಎತ್ತಲಿಲ್ಲ. ಈ ಪ್ರಶ್ನೆಗೆ ಅತ್ತೆಯ ಉತ್ತರ ಇಡೀ ಸವಣೂರಿಗೆ ಬಾಯಿಪಾಠ.

"ಈಕಿ ಮಾಡ್ಯಾಳ," ಎಂದರು ಅತ್ತೆ. "ನನ್ನ ಸೊಸಿ. ಈಕಿ ಕೈಗುಣ ಚಲೋ ಐತಿ." ಒಂದು ಉಸಿರು ಬಿಟ್ಟು, "ಉಪ್ಪು ಒಂದೀಟ ಜಾಸ್ತಿ ಹಾಕತಾಳ. ಅದನ್ನೂ ಹೇಳು," ಎಂದರು.

ಹುಡುಗಿ ಅದನ್ನೂ ಹೇಳಿದಳು. ಅವರೆಲ್ಲ ನಕ್ಕು ಇನ್ನಷ್ಟು ಕೊಡಿ ಎಂದು ಕೈ ಚಾಚಿದರು. ಬಡಿಸಲು ನಾನು ಮಣೆಯಿಂದ ಏಳಹೋದೆ.

"ನೀ ಕೂಡು," ಎಂದರು ಅತ್ತೆ. ಮೊಣಕಾಲು ಹಿಡಿದುಕೊಂಡು ತಾವೇ ಎದ್ದರು.