ತೊಳೆಯದ ಟೇಪು

ಟೇಪು ಮೇಷ್ಟ್ರ ನಿಜವಾದ ಹೆಸರು ಊರಿನಲ್ಲಿ ಯಾರಿಗೂ ನೆನಪಿರಲಿಲ್ಲ. ಹೆಗಲ ಮೇಲೆ ಸದಾ ಒಂದು ಬಟ್ಟೆಯ ಟೇಪು ನೇತಾಡುತ್ತಿತ್ತು. ಅದನ್ನು ದನದ ಎದೆಗೆ ಬಳಸಿ, ತುದಿ ಕೂಡಿದಲ್ಲಿ ಓದಿದರೆ ಆಯಿತು, ತೂಕ ಇಷ್ಟೆಂದು ತಿಳಿಯುತ್ತಿತ್ತು. ಊರಿನ ದರ್ಜಿ ಅದನ್ನು ದಪ್ಪ ಬಟ್ಟೆಯಲ್ಲಿ ಹೊಲಿದು, ಕೇಜಿಯ ಗೆರೆಗಳನ್ನು ದಾರದಲ್ಲೇ ಮೂಡಿಸಿಕೊಟ್ಟಿದ್ದ.

"ಇವರಿಗೆ ದಿನಾ ಸ್ನಾನ ಆಗುತ್ತೆ, ಆ ಟೇಪಿಗೆ ಮಾತ್ರ ಹುಟ್ಟಿದಾಗಿಂದ ಒಂದು ಸ್ನಾನ ಇಲ್ಲ," ಎಂದು ಹೆಂಡತಿ ಮೂಗು ಮುರಿಯುತ್ತಿದ್ದಳು.

"ತೊಳೆದ್ರೆ ಬಟ್ಟೆ ಕುಗ್ಗುತ್ತೆ ಕಣೇ. ಒಂದು ಬೆರಳು ಕುಗ್ಗಿದ್ರೆ ಹತ್ತು ಕೇಜಿ ಸುಳ್ಳು ಹೇಳುತ್ತೆ."

ಸುಳ್ಳು ತೂಕವೆಂದರೆ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಅಪ್ಪ ದನದ ದಲ್ಲಾಳಿ. ಕೊಳ್ಳುವಾಗ ಆತನ ಕಣ್ಣಿಗೆ ಎಲ್ಲ ದನಗಳೂ ಬಡಕಲು, ಮಾರುವಾಗ ಅವೇ ದನಗಳು ದಷ್ಟಪುಷ್ಟ! ಅಪ್ಪನ ಮುಂದೆ ಬಾಯಿ ಸತ್ತು ನಿಂತ ರೈತರನ್ನು ನೋಡುತ್ತ ಬೆಳೆದ ಮಗ, ದೊಡ್ಡವನಾದ ಮೇಲೆ ದನ ಸಾಕುವ ಹುಡುಗ ಹುಡುಗಿಯರಿಗೆ ಪಾಠ ಹೇಳುವ ಕೆಲಸ ಹಿಡಿದ. ಮೇವು ಕತ್ತರಿಸುವುದು, ಬೆಳಗ್ಗೆ ಎದ್ದೊಡನೆ ದನದ ಬಾಯಿ ನೋಡುವುದು, ಕೊಟ್ಟಿಗೆಯ ಬಾಗಿಲಲ್ಲಿ ಔಷಧಿ ನೀರಿಗೆ ಕಾಲದ್ದಿ ಒಳಗೆ ಹೋಗುವುದು, ಎಲ್ಲವನ್ನೂ ತಲೆ ಚಿಟ್ಟು ಹಿಡಿಯುವಷ್ಟು ಸಲ ಹೇಳಿದ. ತಾನು ಅಳೆಯಲು ಬಂದೊಡನೆ ನಾಲ್ಕೂ ಕಾಲು ನೆಟ್ಟಗೆ ಊರಿ ನಿಲ್ಲುವುದನ್ನು ಕಡಸುಗಳಿಗೂ ಕಲಿಸಿದ. ದನ ಓರೆಯಾಗಿ ನಿಂತರೆ ಅಳತೆ ತಪ್ಪುತ್ತದಲ್ಲ.

ಈ ಸಲ ಇಪ್ಪತ್ತು ಮನೆಗಳ ಇಪ್ಪತ್ತು ಕಡಸುಗಳು ಒಂದೇ ವಾರಕ್ಕೆ ಸರಿಯಾದ ತೂಕಕ್ಕೆ ಬರುವಂತೆ ಮೇಷ್ಟ್ರು ನೋಡಿಕೊಂಡಿದ್ದರು. ಒಬ್ಬೊಬ್ಬರೇ ಮಾರಲು ಹೋದರೆ ದಲ್ಲಾಳಿ ಹೇಳಿದ್ದೇ ಬೆಲೆ. ಇಪ್ಪತ್ತೂ ಒಟ್ಟಿಗೆ ನಿಂತರೆ ಕೊಳ್ಳುವವನೇ ಬಾಗಿಲಿಗೆ ಬರುತ್ತಾನೆ. ಬರುವುದಕ್ಕೆ ಒಂದು ದೊಡ್ಡ ಡೈರಿ ಒಪ್ಪಿಯೂ ಇತ್ತು. ಗುರುವಾರ ಲಾರಿ.

ಮಂಗಳವಾರ ಬೆಳಗ್ಗೆ ದರ್ಜಿಯ ಮಗಳು ಫೋನ್ ಮಾಡಿದಳು. ಇಪ್ಪತ್ತು ಜನರಲ್ಲಿ ಅವಳೇ ಚುರುಕು.

"ಮೇಷ್ಟ್ರೇ, ನನ್ನ ಕಡಸು ಮೇವು ಮುಟ್ಟಿಲ್ಲ. ಜೊಲ್ಲು ಎಳೆ ಎಳೆಯಾಗಿ ಸುರೀತಿದೆ."

"ನಾಲಿಗೆ ನೋಡಿದ್ಯಾ?"

"ನೋಡದೆ ಇರ್ತೀನಾ? ಗುಳ್ಳೆ ಇದೆ. ಕಾಲೂ ಊರ್ತಾ ಇಲ್ಲ."

ಮೇಷ್ಟ್ರು ಓಡಿದರು. ಬಾಗಿಲಲ್ಲಿ ಔಷಧಿ ನೀರಿಗೆ ಬೂಟು ಅದ್ದಿ, ಕೈ ತೊಳೆದು, ಒಳಗೆ ಹೋಗಿ ನೋಡಿದರೆ ಸಂಶಯವೇ ಇಲ್ಲ, ಕಾಲುಬಾಯಿ ರೋಗ. ಆ ವರ್ಷ ಲಸಿಕೆ ಬರುವುದು ತಡವಾಗಿತ್ತು. ದನದ ಡಾಕ್ಟರಿಗೆ ಫೋನ್ ಮಾಡಿದರು. "ನಾನು ಬರೋ ತನಕ ಅಲ್ಲಿಂದ ಕದಲಬೇಡಿ. ಒಂದು ದನಾನೂ ಊರು ದಾಟೋ ಹಾಗಿಲ್ಲ," ಎಂದರು ಡಾಕ್ಟರು.

"ಲಾರಿ ಬರುತ್ತಲ್ಲ ಸಾರ್?"

"ಯಾವ ಲಾರಿ ಮೇಷ್ಟ್ರೇ? ದನ ಉಳ್ಕೊಳ್ಳುತ್ತೆ, ಆದ್ರೆ ಮೈಯೆಲ್ಲ ಇಳಿದು ಹೋಗುತ್ತೆ. ಮಾರಾಟ ಇನ್ನು ಎಷ್ಟು ತಿಂಗಳೋ."

ಮೇಷ್ಟ್ರು ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತರು. ಅಷ್ಟರಲ್ಲಿ ಫೋನಿನ ಮೇಲೆ ಫೋನು. ಕಮ್ಮಾರನ ಮನೆ, ಗಾಣದವರ ಮನೆ, ಅಂಚೆಯವನ ಮನೆ. ದರ್ಜಿಯ ಮಗಳು ತೂಕ ಬರೆದುಕೊಳ್ಳುವ ನೋಟುಬುಕ್ಕು ತೆರೆದಳು.

"ಮೇಷ್ಟ್ರೇ, ಹೋದ ವಾರದ ಸೋಮವಾರ ನೀವು ಮೊದಲು ಹೋಗಿದ್ದು ಕಮ್ಮಾರರ ಮನೆಗೆ. ಆಮೇಲೆ ಗಾಣದವರು, ಅಂಚೆಯವರು, ನಾವು."

ಕಮ್ಮಾರನ ಕಡಸು ಅಂದು ಜೊಲ್ಲು ಸುರಿಸುತ್ತಿದ್ದದ್ದು ಮೇಷ್ಟ್ರಿಗೆ ನೆನಪಾಯಿತು. ಹಲ್ಲು ಬದಲಾಗುವ ವಯಸ್ಸು, ತಾನಾಗೇ ಸರಿಹೋಗುತ್ತೆ ಎಂದು ಕಮ್ಮಾರನ ಮಗನಿಗೂ ಹೇಳಿ, ಟೇಪಿನ ಮೇಲೆ ಬಿದ್ದದ್ದನ್ನು ತೋಳಿಗೆ ಒರೆಸಿ ಮುಂದಿನ ಮನೆಗೆ ನಡೆದಿದ್ದರು.

"ಬೂಟು ತೊಳೆದಿದ್ದೆ," ಎಂದರು ಮೇಷ್ಟ್ರು. "ಪ್ರತಿ ಮನೇಲೂ ತೊಳೆದಿದ್ದೆ. ಕೈಯೂ ತೊಳೆದಿದ್ದೆ. ಅಂಗೀನೂ..."

ಹುಡುಗಿಯ ಕಣ್ಣು ಅವರ ಹೆಗಲ ಮೇಲಿತ್ತು. ಮೇಷ್ಟ್ರು ಟೇಪನ್ನು ಕೈಗೆ ತೆಗೆದುಕೊಂಡು ನೋಡಿದರು. ಅವಳ ಅಪ್ಪ ಹೊಲಿದ ನೀಲಿ ದಾರದ ಗೆರೆಗಳ ನಡುವೆ ಜೊಲ್ಲು ಒಣಗಿ ಗಟ್ಟಿಯಾಗಿತ್ತು. ಇಪ್ಪತ್ತು ಮನೆ, ಒಂದೇ ದಿನ, ಒಂದೇ ಟೇಪು.

ಅವರು ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದರು, ನನ್ನಿಂದಲೇ ಹರಡಿತು ಎಂದು. ಕಮ್ಮಾರನ ಮಗ ಅರ್ಧಕ್ಕೇ ಫೋನಿಟ್ಟ. ಉಳಿದವರು "ಬಿಡಿ ಮೇಷ್ಟ್ರೇ, ಯಾರಿಗೆ ಗೊತ್ತಿತ್ತು," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಅವರಿಗೆ. ಹುಡುಗಿ ಹಂಡೆಯಲ್ಲಿ ಕುದಿಯುತ್ತಿದ್ದ ನೀರಿಗೆ ಟೇಪನ್ನು ಹಾಕಿ, ಕೋಲಿನಿಂದ ಅದುಮಿದಳು. ಮೇಷ್ಟ್ರು ಬೇಡವೆನ್ನಲಿಲ್ಲ.

ಕಡಸಿನ ಬಾಯಿ ತೊಳೆಯುವುದಾದರೂ ತನ್ನ ಕೈಲಾಗುತ್ತದೆ ಎಂದು ಅವರು ಉಗುರುಬೆಚ್ಚನೆ ನೀರು ಹಿಡಿದು ಕೊಟ್ಟಿಗೆಗೆ ಹೋದರು. ಮಲಗಿದ್ದ ಕಡಸು ಅವರನ್ನು ಕಂಡು ಕಿವಿ ನಿಮಿರಿಸಿತು. ಹುಣ್ಣಾದ ಗೊರಸು ಊರಲಾರದೆ ಒಮ್ಮೆ ಕುಸಿಯಿತು, ಮತ್ತೆ ಎದ್ದಿತು. ನಡುಗುತ್ತ, ನಾಲ್ಕೂ ಕಾಲನ್ನು ನೆಟ್ಟಗೆ ಊರಿ ನಿಂತಿತು.

"ಮಲ್ಕೊಳೇ, ಇವತ್ತು ಅಳೆಯಲ್ಲ," ಎಂದಳು ಹುಡುಗಿ ಅಳುತ್ತ.

ಅದು ಮಲಗಲಿಲ್ಲ. ಅಳತೆ ಮುಗಿದ ಮೇಲೆ ಬೆನ್ನು ತಟ್ಟಿದರೆ ಮಾತ್ರ ಕದಲಬೇಕೆಂದು ಮೇಷ್ಟ್ರೇ ಕಲಿಸಿದ್ದರು. ಅವರು ಬರಿಗೈಯನ್ನು ಅದರ ಎದೆಯ ಸುತ್ತ ಒಮ್ಮೆ ಬಳಸಿ ತೆಗೆದು, ಬೆನ್ನು ತಟ್ಟಿದರು.